ಹೊಳೆ ದಡದಲ್ಲಿ ತಗಡಿನ ಬೋರ್ಡು: ನನ್ನ ಅನುಭವ

ನಾನು ಡಿಗ್ರಿ ಕಾಲೇಜಲ್ಲಿ ಮೈಕ್ರೋಬಯಾಲಜಿ ಪಾಠ ಮಾಡೋನು, ಊರು ಶ್ರೀರಂಗಪಟ್ಟಣದಿಂದ ಕೆಳಕ್ಕೆ ಕಾವೇರಿ ದಡದಲ್ಲಿರೋ ಒಂದು ಹಳ್ಳಿ. ನಮ್ಮೂರ ಸ್ನಾನಘಟ್ಟಕ್ಕೆ ಅಮಾವಾಸ್ಯೆ ಹುಣ್ಣಿಮೆಗೆ ಭಕ್ತರು ಬರ್ತಾರೆ, ಭಾನುವಾರ ಬೆಂಗ್ಳೂರು ಮೈಸೂರು ಕಡೆಯಿಂದ ಬೈಕಲ್ಲಿ ಹುಡುಗ್ರು, ಬೇಸಿಗೆ ರಜಕ್ಕೆ ಊರಿನ ಮಕ್ಳೆಲ್ಲಾ ಅಲ್ಲೇ. ಸುಳಿ ಇದೆ, ಆಳ ಇದೆ ಅಂತ ಒಂದು ಕೆಂಪು ಬೋರ್ಡು ಯಾವ ಕಾಲದಿಂದ್ಲೋ ಇದೆ, ಈಗ ಅದ್ರ ಮೇಲೆ ಟವೆಲ್ ಒಣಗಾಕ್ತಾರೆ. ಆದ್ರೆ ನೀರಲ್ಲಿ ಏನಿದೆ, ಯಾವತ್ತು ಇಳೀಬಾರ್ದು ಅನ್ನೋದನ್ನ ಹೇಳೋರು ಯಾರೂ ಇರ್ಲಿಲ್ಲ. ಅದನ್ನ ಹೇಳೋಕೆ ನಾವೇ ಇನ್ನೊಂದು ಬೋರ್ಡ್ ನಿಲ್ಲಿಸಿದ್ವಿ, ಹೆಂಗೆ ಮಾಡಿದ್ವಿ ಅಂತ ಬೇರೆ ಊರಿನೋರು ಕೇಳ್ತಾ ಇರ್ತಾರೆ, ಅದಕ್ಕೆ ಬರೀತಿದೀನಿ.

ಮೊದ್ಲು ಲೆಕ್ಕದ ವಿಷ್ಯ ಹೇಳಿಬಿಡ್ತೀನಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಸ್ನಾನದ ನೀರಿಗೆ ಅಂತಲೇ ಮಾನದಂಡ ಇಟ್ಟಿದೆ: ಮಲದಿಂದ ಬರೋ ಕೋಲಿಫಾರ್ಮ್ ಅನ್ನೋ ಬ್ಯಾಕ್ಟೀರಿಯಾ 100 ಮಿಲಿಗೆ 500 ಎಂಪಿಎನ್ (ಎಷ್ಟು ಬ್ಯಾಕ್ಟೀರಿಯಾ ಇರ್ಬೋದು ಅನ್ನೋ ಅಂದಾಜು ಲೆಕ್ಕ) ಒಳಗಿದ್ರೆ ಒಳ್ಳೇದು, ಏನೇ ಆದ್ರೂ 2500 ದಾಟಬಾರ್ದು, ಬಿಓಡಿ (ನೀರಲ್ಲಿರೋ ಕೊಳೆನ ಸೂಕ್ಷ್ಮಜೀವಿಗಳು ತಿಂದು ಮುಗಿಸೋಕೆ ಬೇಕಾಗೋ ಆಮ್ಲಜನಕ) ಲೀಟರಿಗೆ 3 ಮಿಲಿಗ್ರಾಂ ಮೀರಬಾರ್ದು, ಕರಗಿದ ಆಮ್ಲಜನಕ 5ಕ್ಕೆ ಕಮ್ಮಿ ಇರಬಾರ್ದು. ಇದಲ್ದೆ ಹೊಳೆ ನೀರಿಗೆ ಎ ಇಂದ ಇ ತನಕ ದರ್ಜೆನೂ ಕೊಡ್ತಾರೆ. ಇಲ್ಲೊಂದು ತಮಾಷೆ ಇದೆ. ಬಿ ಅಂದ್ರೆ ಸ್ನಾನಕ್ಕೆ ಆಗುತ್ತೆ, ಸಿ ಅಂದ್ರೆ ಪೂರ್ತಿ ಶುದ್ಧೀಕರಣ ಮಾಡಿದ್ಮೇಲೆ ಕುಡಿಯೋಕೆ ಆಗುತ್ತೆ. ಪೇಪರಲ್ಲಿ "ಸಿ ದರ್ಜೆ, ಶುದ್ಧೀಕರಿಸಿ ಕುಡಿಯಬಹುದು" ಅಂತ ಬಂದ್ರೆ ನಮ್ಮ ಜನ "ಕುಡಿಯೋಕೇ ಆಗುತ್ತಂತೆ, ಇನ್ನು ಮುಳುಗೋಕೆ ಏನು ರೋಗ" ಅಂತಾರೆ. ನಿಜ ನೋಡಿದ್ರೆ ಒಟ್ಟು ಕೋಲಿಫಾರ್ಮ್ (ಮಲದ್ದು ಮಾತ್ರ ಅಲ್ಲ, ಎಲ್ಲಾ ಸೇರಿ) ಮಿತಿ ಬಿ ದರ್ಜೆಗೆ 500, ಸಿ ದರ್ಜೆಗೆ 5000, ಅಂದ್ರೆ ಸಿ ನೀರು ಶುದ್ಧೀಕರಣ ಘಟಕಕ್ಕೆ ಹೋಗಬೇಕಾದ ನೀರು, ಮಕ್ಳ ಬಾಯಿಗೆ ಹೋಗೋದಲ್ಲ. ಅದಕ್ಕೇ ಬೋರ್ಡ್ ಮೇಲೆ ದರ್ಜೆನೂ ಬೇಡ ನಂಬರೂ ಬೇಡ ಅಂತ ಶುರುನಲ್ಲೇ ತೀರ್ಮಾನ ಮಾಡಿದ್ವಿ.

ಪಂಚಾಯ್ತಿಲಿ ಜಲ ಜೀವನ್ ಮಿಷನ್ ಕೊಟ್ಟ ನೀರು ಪರೀಕ್ಷೆ ಕಿಟ್ ಇದ್ಯಲ್ಲಾ, ಅದ್ರಲ್ಲಿರೋ ಎಚ್‌ಟೂಎಸ್ ಬಾಟ್ಲಿ ಸಾಕಲ್ವಾ ಅಂತ ಕೇಳಿದ್ರು. ಅದು ಕುಡಿಯೋ ನೀರಿಗೆ ಮಾಡಿದ್ದು, ಬ್ಯಾಕ್ಟೀರಿಯಾ ಇದ್ರೆ ಕಪ್ಪಗಾಗುತ್ತೆ, ಎಷ್ಟಿದೆ ಅಂತ ಹೇಳಲ್ಲ. ಹೊಳೆ ನೀರು ಹಾಕಿದ್ರೆ ಹೆಚ್ಚುಕಮ್ಮಿ ಯಾವಾಗ್ಲೂ ಕಪ್ಪೇ, ದಿನಾ ಕಪ್ಪು ತೋರ್ಸಿದ್ರೆ ಜನ ನೋಡೋದೇ ಬಿಟ್ಬಿಡ್ತಾರೆ. ನಮಗೆ ಬೇಕಾಗಿದ್ದು ಎಂಪಿಎನ್, ಅದು ನಮ್ಮ ಹುಡುಗ್ರ ಪ್ರಾಕ್ಟಿಕಲ್‌ನಲ್ಲೇ ಇತ್ತು. ಸ್ಯಾಂಪಲ್ ತೆಗೆಯೋದು ಹಿಂಗೆ: ಆಟೋಕ್ಲೇವ್ ಮಾಡಿದ (ಒತ್ತಡದ ಹಬೆಲಿ ಕ್ರಿಮಿ ಕೊಂದ) ಬಾಟ್ಲಿ, ಸೊಂಟದುದ್ದ ನೀರಿರೋ ಕಡೆ ಹೋಗಿ, ಬಾಟ್ಲಿ ಬಾಯಿ ಹರಿವಿಗೆ ಎದುರಾಗಿ ಹಿಡಿದು, ಒಂದಡಿ ಕೆಳಗೆ ಮುಳುಗಿಸಿ ತುಂಬೋದು, ಮೇಲೆ ಸ್ವಲ್ಪ ಗಾಳಿಗೆ ಜಾಗ ಬಿಟ್ಟು ಮುಚ್ಚಳ ಹಾಕಿ ಐಸ್ ಡಬ್ಬಕ್ಕೆ, ಅವತ್ತೇ ಲ್ಯಾಬಿಗೆ.

ಜನಕ್ಕೆ ಮುಟ್ಟಿದ್ದು ರಿಪೋರ್ಟ್ ಅಲ್ಲ, ಟ್ಯೂಬು. ಮ್ಯಾಕಾಂಕಿ ಬ್ರಾತ್ (ಬ್ಯಾಕ್ಟೀರಿಯಾ ಬೆಳೆಸೋ ದ್ರವ) ಹಾಕಿದ ಟ್ಯೂಬ್ ನೇರಳೆ ಬಣ್ಣ ಇರುತ್ತೆ, ಒಳಗೆ ಒಂದು ಪುಟ್ಟ ಗಾಜಿನ ಕೊಳವೆ ತಲೆಕೆಳಗಾಗಿ ಕೂತಿರುತ್ತೆ. ಕೋಲಿಫಾರ್ಮ್ ಇದ್ರೆ ಅವು ಬ್ರಾತಲ್ಲಿರೋ ಲ್ಯಾಕ್ಟೋಸ್ ಸಕ್ಕರೆ ತಿಂದು ಆಸಿಡ್ ಮಾಡ್ತವೆ, ನೇರಳೆ ಹೋಗಿ ಹಳದಿ ಆಗುತ್ತೆ, ಜೊತೆಗೆ ಗ್ಯಾಸ್ ಬಂದು ಆ ಪುಟ್ಟ ಕೊಳವೆ ತುದಿಲಿ ಗುಳ್ಳೆ ನಿಲ್ಲುತ್ತೆ. ಒಂದು ಸ್ಟ್ಯಾಂಡಲ್ಲಿ ಊರಿನ ಶುದ್ಧ ನೀರಿನ ಘಟಕದ ನೀರು, ಇನ್ನೊಂದ್ರಲ್ಲಿ ಘಟ್ಟದ ನೀರು. ಮುಚ್ಚಳಕ್ಕೆ ಟೇಪ್ ಸುತ್ತಿ, ಯಾರೂ ಮುಟ್ಟದ ಹಂಗೆ ಹುಡುಗ್ರನ್ನ ಪಕ್ಕದಲ್ಲಿ ನಿಲ್ಲಿಸಿ, ದೇವಸ್ಥಾನದ ಜಗುಲಿ ಮೇಲೆ ಇಟ್ವಿ (ವಾಪಸ್ ತಗೊಂಡೋಗಿ ಆಟೋಕ್ಲೇವ್ ಮಾಡಿನೇ ಚೆಲ್ಲಬೇಕು, ಅದು ಕಡ್ಡಾಯ). ಒಬ್ಬರು ಅಜ್ಜಿ ಬಗ್ಗಿ ಬಗ್ಗಿ ನೋಡಿ "ಒಳಗೆ ಉಸಿರಾಡ್ತಾ ಅವೆ ಕಣ್ ಮೇಷ್ಟ್ರೆ" ಅಂದ್ರು. ಅದಕ್ಕಿಂತ ಚೆನ್ನಾಗಿ ನಾನು ಕ್ಲಾಸಲ್ಲಿ ಯಾವತ್ತೂ ಹೇಳಿಲ್ಲ.

ಈಗ ಮುಖ್ಯ ವಿಷ್ಯ. ಎಂಪಿಎನ್ ಟೆಸ್ಟಲ್ಲಿ ಮೊದಲ ಹಂತಕ್ಕೇ ಎರಡು ದಿನ ಬೇಕು, ಮಲದ ಕೋಲಿಫಾರ್ಮೇ ಅಂತ ಗಟ್ಟಿ ಮಾಡ್ಕೊಳ್ಳೋಕೆ 44.5 ಡಿಗ್ರಿಲಿ ಮತ್ತೆ ಇಡಬೇಕು. ರಿಸಲ್ಟ್ ಕೈಗೆ ಬರೋ ಹೊತ್ತಿಗೆ ಆ ನೀರು ತಮಿಳುನಾಡು ಸೇರಿರುತ್ತೆ. ನಿನ್ನೆ ಮೊನ್ನೆಯ ನೀರಿನ ಸುದ್ದಿ ಇವತ್ತು ಬಂದೋನಿಗೆ ಯಾಕೆ? ಅದಕ್ಕೆ ಟೆಸ್ಟನ್ನ ನಾವು ಕಲಿಯೋಕೆ ಇಟ್ಕೊಂಡ್ವಿ, ಬೋರ್ಡಿಗೆ ಕಣ್ಣಿಗೆ ಕಾಣೋ ಗುರುತು ಇಟ್ವಿ. ಯಾವ್ಯಾವ ದಿನದ ಸ್ಯಾಂಪಲ್ ಕೆಡುತ್ತೆ ಅಂತ ನೋಡ್ತಾ ಹೋದ್ರೆ ಅದೇ ನಾಕು ಕಾರಣ ತಿರುಗಿ ತಿರುಗಿ ಬರ್ತವೆ: ಜೋರು ಮಳೆ, ಜಾತ್ರೆ ಹುಣ್ಣಿಮೆ ಜನಜಂಗುಳಿ, ಬೇಸಿಗೇಲಿ ಹರಿವು ನಿಂತು ಗುಂಡಿ ನೀರಾಗೋದು, ಮೇಲ್ಗಡೆ ಚರಂಡಿ ಉಕ್ಕೋದು. ಮಳೆಲಿ ಬೀದಿ, ಕೊಟ್ಟಿಗೆ, ಬಯಲು ಎಲ್ಲಾ ತೊಳ್ಕೊಂಡು ಹೊಳೆಗೇ ಬರೋದು, ಮೇಲಾಗಿ ನೀರು ಕೆಂಪಗಾದ್ರೆ ಬಿಸಿಲು ಒಳಗೆ ಇಳಿಯಲ್ಲ, ಮಣ್ಣಿನ ಕಣಕ್ಕೆ ಅಂಟ್ಕೊಂಡ ಬ್ಯಾಕ್ಟೀರಿಯಾ ಬೇಗ ಸಾಯಲ್ಲ. ಹಂಗಾಗಿ ನಿಯಮ ಏನಂದ್ರೆ, ಜೋರು ಮಳೆ ಆದ್ಮೇಲೆ ಎರಡು ದಿನ ಬೋರ್ಡಲ್ಲಿ ಕೆಂಪು (ಅಂದ್ರೆ ನೀರಿಗೆ ಇಳೀಬೇಡಿ), ಜಾತ್ರೆ ದಿನ ಮತ್ತು ಮಾರನೇ ದಿನ ಕೆಂಪು, ಮೊಣಕಾಲುದ್ದ ನೀರಲ್ಲಿ ನಿಂತು ನಿಮ್ಮ ಪಾದ ನಿಮಗೇ ಕಾಣದಿದ್ರೆ ಅವತ್ತೂ ಕೆಂಪು.

ಬೋರ್ಡ್ ಅಂದ್ರೆ ದೊಡ್ಡದೇನಲ್ಲ, ಒಂದು ತಗಡು, ಅದ್ರ ಮೇಲೆ ಮೊಳೆಗೆ ನೇತು ಹಾಕೋ ಎರಡು ತಟ್ಟೆ, ಕೆಂಪು ಒಂದು, ಕೆಂಪಿಲ್ಲದ ದಿನಕ್ಕೆ ಹಳದಿ ಒಂದು. ಪಕ್ಕದಲ್ಲಿ ಸೀಮೆಸುಣ್ಣದಲ್ಲಿ ತಾರೀಕು, ಕಾರಣ. ಹಸಿರು ತಟ್ಟೆ ಮಾಡಿಸೋಣ ಅಂತ ಪಂಚಾಯ್ತಿಯೋರು ಹಠ ಹಿಡಿದ್ರು, ನಾನು ಒಪ್ಲಿಲ್ಲ. ಹೊಳೆಗೆ ಹಸಿರು ಅಂತ ಸರ್ಟಿಫಿಕೇಟ್ ಕೊಡೋಕೆ ನಾವ್ಯಾರು? ಅಲ್ದೆ ಕೋಲಿಫಾರ್ಮ್ ಕಮ್ಮಿ ಇದ್ರೂ ಇಲಿ ಜ್ವರದ ಲೆಪ್ಟೋಸ್ಪೈರಾನೋ ಅಮೀಬಾನೋ ಇಲ್ಲ ಅಂತ ಆ ಟೆಸ್ಟ್ ಹೇಳೋದೇ ಇಲ್ಲ. ತಾರೀಕು ಮಾತ್ರ ದಿನಾ ಬದಲಾಗ್ಬೇಕು. ಹಳೇ ತಾರೀಕಿನ ಬೋರ್ಡ್ ಇರೋದಕ್ಕಿಂತ ಬೋರ್ಡೇ ಇಲ್ದಿರೋದು ವಾಸಿ.

ಎಲ್ಲಿ ನಿಲ್ಲಿಸೋದು ಅನ್ನೋದಕ್ಕೆ ತುಂಬಾ ತಲೆ ಕೆಡಿಸ್ಕೊಂಡ್ವಿ. ಮೆಟ್ಲ ಹತ್ರ ಇಟ್ರೆ ಅಷ್ಟೊತ್ತಿಗೆ ಬಟ್ಟೆ ಬಿಚ್ಚಿರ್ತಾರೆ, ಆಗ ಯಾರೂ ವಾಪಸ್ ಹೋಗಲ್ಲ. ಗಾಡಿ ನಿಲ್ಸಿ ಚಪ್ಪಲಿ ಬಿಡೋ ಜಾಗದಲ್ಲಿ, ಕಾಯಿ ಅಂಗಡಿ ಪಕ್ಕ ನಿಲ್ಲಿಸಿದ್ವಿ. ಅಂಗಡಿ ಅಕ್ಕ ಮೊದಲು ಕೆಂಡಾಮಂಡಲ: "ನೀವು ಕೆಂಪು ನೇತಾಕಿ ಮನೆಗೆ ಹೋಗ್ತೀರಾ ಮೇಷ್ಟ್ರೆ, ನನ್ ಯಾಪಾರ ಯಾರ್ ನೋಡ್ತಾರೆ?" ಅವ್ರು ಕೇಳಿದ್ದು ನ್ಯಾಯನೇ. ಪಂಚಾಯ್ತಿಗೆ ಹೇಳಿ ಅವ್ರ ಅಂಗಡಿ ಎದುರೇ ಬೋರ್‌ವೆಲ್ ನೀರಿನ ನಲ್ಲಿ ಸಾಲು ಹಾಕಿಸಿದ್ವಿ, ಕೆಂಪು ದಿನ ಜನ ಅಲ್ಲೇ ನಿಂತು ಸ್ನಾನ ಮಾಡ್ತಾರೆ, ಕಾಯಿನೂ ಅಲ್ಲೇ ತಗೋತಾರೆ. ಈಗ ತಟ್ಟೆ ಬದಲಾಯಿಸೋದು ಅದೇ ಅಕ್ಕನೇ, ಬೆಳಗ್ಗೆ ಅಂಗಡಿ ಬಾಗಿಲು ತೆಗೆಯೋವಾಗ.

ಅರ್ಚಕರ ಹತ್ರ ಹೋಗೋಕೆ ನನಗೆ ಅಳುಕಿತ್ತು, ಗಂಗಮ್ಮನಿಗೇ ಕೊಳಕು ಅಂತೀಯಾ ಅಂದ್ರೆ ಏನು ಮಾಡೋದು. ಅವ್ರು ಹೇಳಿದ್ದು ಒಂದೇ ಮಾತು, "ನೀರು ಕೆಟ್ಟಿದೆ ಅಂತ ಬರೀಬೇಡಿ, ನಾವು ಕೆಡಿಸಿದೀವಿ ಅಂತ ಬರೀರಿ." ಹಂಗೇ ಬರೆದ್ವಿ. ಕೆಂಪು ದಿನ ಮಂಗಳಾರತಿ ಆದ್ಮೇಲೆ ಮೈಕಲ್ಲಿ ಅವ್ರೇ ಹೇಳ್ತಾರೆ, ಇವತ್ತು ಪ್ರೋಕ್ಷಣೆ ಸಾಕು, ಮುಳುಗಬೇಕು ಅಂತೇನಿಲ್ಲ, ಹೊಳೆ ನೀರು ಬಾಯಿಗೆ ಹಾಕ್ಕೋಬೇಡಿ. ನನ್ನ ಪವರ್‌ಪಾಯಿಂಟ್‌ಗಿಂತ ಆ ಮೈಕು ಜಾಸ್ತಿ ಕೆಲ್ಸ ಮಾಡಿದೆ. ಸೋಪು ಶಾಂಪೂ ವಿಷ್ಯಕ್ಕೆ ಮಾತ್ರ ಜಗಳ ಇನ್ನೂ ನಡೀತಾನೇ ಇದೆ, 2025ರ ಮಾರ್ಚಲ್ಲಿ ಸಚಿವ ಈಶ್ವರ ಖಂಡ್ರೆ ಅವ್ರು ತೀರ್ಥಕ್ಷೇತ್ರಗಳ ನದಿ ದಡದಿಂದ 500 ಮೀಟರ್ ಒಳಗೆ ಅವುಗಳ ಮಾರಾಟ ನಿಲ್ಲಿಸಿ ಅಂತ ಅಧಿಕಾರಿಗಳಿಗೆ ಸೂಚಿಸಿದ್ದ ಪೇಪರ್ ಕಟಿಂಗನ್ನ ಅಂಗಡಿಗಳಿಗೆ ತೋರ್ಸಿದ್ದೂ ಆಯ್ತು.

ಕೇರಳದಲ್ಲಿ 2024ರಲ್ಲಿ ಮಕ್ಳಿಗೆ ಮೆದುಳಿನ ಅಮೀಬಾ ಸೋಂಕು ಬಂದಾಗ ನಮ್ಮೂರ ವಾಟ್ಸಾಪ್ ಗ್ರೂಪಲ್ಲಿ ಬೆಂಕಿ ಬಿದ್ದಂಗಾಯ್ತು, ಕೆಲವ್ರು ನಲ್ಲಿ ನೀರು ಕುಡಿಯೋಕೂ ಹೆದರಿದ್ರು. ನೆಗ್ಲೇರಿಯಾ ಅನ್ನೋ ಅಮೀಬಾ ಹೊಟ್ಟೆಯಿಂದ ಬರಲ್ಲ, ಬೆಚ್ಚಗಿನ ಸಿಹಿನೀರು ಮೂಗೊಳಗೆ ನುಗ್ಗಿದ್ರೆ ಮಾತ್ರ ಬರೋದು, ಒಬ್ರಿಂದ ಒಬ್ರಿಗೆ ಹರಡಲ್ಲ, ತೀರಾ ಅಪರೂಪ, ಆದ್ರೆ ಬಂದ್ರೆ ಬದುಕೋದು ಕಷ್ಟ. ಕೋಳಿಕ್ಕೋಡ್ ಜಿಲ್ಲೆಯ 14 ವರ್ಷದ ಹುಡುಗ ಬೇಗ ಪತ್ತೆಯಾಗಿದ್ದಕ್ಕೆ ಉಳ್ಕೊಂಡ. ಇಷ್ಟನ್ನ ಒಂದು ಆಡಿಯೋ ಮಾಡಿ ಹಾಕಿದೆ, ಜೊತೆಗೆ ಬೇಸಿಗೆಲಿ ನಿಂತ ಗುಂಡಿಗೆ ಡೈವ್ ಹೊಡೀಬೇಡಿ, ಮೂಗು ಹಿಡ್ಕೊಳಿ ಅಂತ. 2025ರ ನವೆಂಬರಲ್ಲಿ ಶಬರಿಮಲೆಗೆ ಹೋಗೋರಿಗೆ ನಮ್ಮ ಆರೋಗ್ಯ ಇಲಾಖೆನೇ ಇಂಥ ಸಲಹೆ ಕೊಟ್ಟಾಗ ಊರಲ್ಲಿ ಯಾರೂ ಗಾಬರಿ ಆಗ್ಲಿಲ್ಲ, ಗೊತ್ತಿದ್ದ ವಿಷ್ಯನೇ ಅಂದ್ರು.

ನನಗೆ ಅಮೀಬಾಗಿಂತ ಇಲಿ ಜ್ವರದ ಚಿಂತೆ ಜಾಸ್ತಿ. ಕಾಲಲ್ಲಿ ಗಾಯ ಇಟ್ಕೊಂಡು ಇಳಿದಿರ್ತಾರೆ, ವಾರ ಹತ್ತು ದಿನ ಬಿಟ್ಟು ಜ್ವರ, ಮೀನಖಂಡ ನೋವು, ಕಣ್ಣು ಕೆಂಪು, ಮೆಡಿಕಲ್ ಶಾಪಲ್ಲಿ ಮಾತ್ರೆ ತಗೊಂಡು ಸುಮ್ನಾಗ್ತಾರೆ. ಆಶಾ ಕಾರ್ಯಕರ್ತೆಯರು ಈಗ ಜ್ವರ ಅಂದ ಕೂಡ್ಲೇ "ಹೊಳೆಗೆ ಇಳಿದಿದ್ರಾ" ಅಂತ ಕೇಳ್ತಾರೆ, ಹೌದು ಅಂದ್ರೆ ಪಿಎಚ್‌ಸಿ ಡಾಕ್ಟ್ರಿಗೆ ಅದನ್ನೇ ಮೊದ್ಲು ಹೇಳಿ ಅಂತ ಕಳಿಸ್ತಾರೆ. ಬೇಗ ಹೋದ್ರೆ ಮಾಮೂಲಿ ಆಂಟಿಬಯಾಟಿಕ್‌ಗೇ ಬಗ್ಗುತ್ತೆ.

ನಿಮ್ಮೂರಲ್ಲಿ ಶುರು ಮಾಡೋದಾದ್ರೆ ತಗಡು, ಬಣ್ಣಕ್ಕೆ ದುಡ್ಡು ಹೆಂಗೋ ಹೊಂದುತ್ತೆ, ಟೆಸ್ಟಿಗೆ ಹತ್ರದ ಡಿಗ್ರಿ ಕಾಲೇಜಲ್ಲಿ ಮೈಕ್ರೋ ಡಿಪಾರ್ಟ್‌ಮೆಂಟ್ ಇದ್ಯಾ ವಿಚಾರಿಸಿ, ಹುಡುಗ್ರು ಹೆಂಗಿದ್ರೂ ಯಾವುದೋ ಒಂದು ನೀರಿಗೆ ಎಂಪಿಎನ್ ಮಾಡ್ಲೇಬೇಕು, ನಿಮ್ಮೂರದ್ದೇ ಮಾಡ್ಲಿ. ಬಾಟ್ಲಿ ಮಾತ್ರ ಅವ್ರ ಹತ್ರನೇ ಇಸ್ಕೊಳಿ, ಕುಡಿದು ಬಿಸಾಕಿದ ಪ್ಲಾಸ್ಟಿಕ್ ಬಾಟ್ಲಿಲಿ ತುಂಬ್ಕೊಂಡು ಹೋಗ್ಬೇಡಿ.