ಕರ್ನೆಲ್ ಡ್ರೈವರ್‌ನಿಂದಲೇ ಫೈಲ್ ಬರೆಸಿದ್ದು: ನನ್ನ ಅನುಭವ

ಲಿನಕ್ಸ್‌ನ ತಿರುಳಾದ ಕರ್ನೆಲ್‌ನಲ್ಲಿ ಓಡುವ ಡ್ರೈವರ್ (ಹಾರ್ಡ್‌ವೇರ್ ನಡೆಸುವ ಕೋಡ್) ಒಳಗಿಂದ ಫೈಲ್ ಬರೆಯಬಾರದು ಅಂತ ಕರ್ನೆಲ್‌ನ ಹಿರಿಯ ಡೆವಲಪರ್ ಗ್ರೆಗ್ ಕ್ರೋ-ಹಾರ್ಟ್‌ಮನ್ 2005ರಲ್ಲೇ ಬರೆದಿದ್ದಾರೆ. ಗೆಳೆಯರೂ ಅದನ್ನೇ ತೋರಿಸಿ ನಕ್ಕರು. ಆದರೆ ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಹೋದ ಶೇಂಗಾ ಸೀಸನ್‌ನಿಂದ ನನ್ನ ಡಬ್ಬಿ (ಒಳಗೆ ಸಣ್ಣ ಲಿನಕ್ಸ್ ಬೋರ್ಡ್) ಹಾಗೇ ಬರೆಯುತ್ತಿದೆ.

ಕೆಲಸ ಸಣ್ಣದು. ಸೆನ್ಸರ್ ಪಲ್ಸ್ ಎಣಿಸಿ, ಟೈಮ್ ಸಮೇತ ದಾಖಲಿಸಬೇಕು. ಮೊದಲು ಎಲ್ಲರಂತೆ ಕ್ಯಾರೆಕ್ಟರ್ ಡಿವೈಸ್ (ಡ್ರೈವರ್ ಡೇಟಾ ಕೊಡುವ ಫೈಲಿನಂಥ ಕಿಂಡಿ), ಅದನ್ನು ಓದಿ ಫೈಲಿಗೆ ಬರೆಯಲೊಂದು ಡೀಮನ್, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್. ಮಿಲ್ಲಿನ ಹುಡುಗರು ಅದೇ ಬೋರ್ಡ್‌ನಲ್ಲಿ ಹಾಡು ಹಾಕುತ್ತಿದ್ದರು. ಮೆಮೊರಿ ತುಂಬಿದರೆ ಡೀಮನ್ ಸಾಯುತ್ತಿತ್ತು. ಮೆಮೊರಿ ಮುಗಿದಾಗ ಕರ್ನೆಲ್ ಅದನ್ನು ಕೊಲ್ಲದಿರಲಿ ಅಂತ ಅದರ ಓಓಎಂ ಸ್ಕೋರ್ ಅಡ್ಜಸ್ಟ್ -1000ಕ್ಕೆ ಇಳಿಸಿದೆ. ಆಗ ಯಾರೋ ‘ಸ್ಲೋ ಆಯ್ತು’ ಅಂತ ಕೈಯಾರೆ ಕಿಲ್ ಮಾಡಿದರು! ಯಜಮಾನರು “ಏನಪ್ಪಾ, ರಾತ್ರಿ ಲೆಕ್ಕಾನೇ ಇಲ್ವಲ್ಲ” ಅಂತ ಹದಿನೈದು ಸಾವಿರದ ಹತ್ತಿರ ತಡೆಹಿಡಿದರು. ಅದಕ್ಕೇ ಬರೆಯೋದನ್ನೂ ಡ್ರೈವರಿನ ಮಾಡ್ಯೂಲ್‌ಗೇ (ಕರ್ನೆಲ್‌ಗೆ ಸೇರಿಸುವ ತುಣುಕು) ಕೊಟ್ಟೆ. ಅದನ್ನು ಕಿತ್ತುಹಾಕೋದು ಆ ಹುಡುಗರಿಗೆ ಗೊತ್ತಿಲ್ಲ. ಅಷ್ಟೇ ನನ್ನ ವಾದ.

ನೆಟ್‌ನಲ್ಲಿ ಸಿಗುವ ಹಳೇ ಕೋಡ್ ನಂಬಬೇಡಿ. ಅದರಲ್ಲಿ ಬಳಸುವ ಸೆಟ್_ಎಫ್‌ಎಸ್ ಫಂಕ್ಷನ್ ಈಗ ಇಲ್ಲವೇ ಇಲ್ಲ. ಕರ್ನೆಲ್ 4.14ರಿಂದ ಫೈಲ್ ಬರೆಯುವ ವಿಎಫ್‌ಎಸ್_ರೈಟ್ ಮಾಡ್ಯೂಲ್‌ಗಳಿಗೆ ಸಿಗುವುದಿಲ್ಲ. ಉಳಿದಿದ್ದು ಕರ್ನೆಲ್_ರೈಟ್. ಅದಕ್ಕೂ ಈಗ ಫೈಲಿನಲ್ಲಿ ಎಲ್ಲಿ ಬರೆಯಬೇಕೆಂಬ ಪೊಸಿಷನ್ ಬದಲು ಅದರ ಪಾಯಿಂಟರ್ (ಮೆಮೊರಿ ವಿಳಾಸ) ಕೊಡಬೇಕು.

ಪಲ್ಸ್ ಬಂದ ಕೂಡಲೇ ಓಡುವ ಇಂಟರಪ್ಟ್ ಹ್ಯಾಂಡ್ಲರ್‌ನಿಂದ ನೇರ ಬರೆಸಿ ನೋಡಿದೆ. ಅಲ್ಲಿ ಕಾಯುವಂತಿಲ್ಲ, ಫೈಲ್ ಬರೆಯೋದು ಕಾಯಿಸುತ್ತದೆ. ‘ಶೆಡ್ಯೂಲಿಂಗ್ ವೈಲ್ ಅಟಾಮಿಕ್’ ಅಂತ ಸ್ಕ್ರೀನ್ ತುಂಬ ಸುರಿದು ಬೋರ್ಡ್ ನಿಂತಿತು. ಈಗ ಹ್ಯಾಂಡ್ಲರ್ ಸುಮ್ನೆ ಕೆಫಿಫೋಗೆ (ಕರ್ನೆಲ್‌ನ ಸಾಲು ಬಫರ್) ತಳ್ಳುತ್ತದೆ, ಬರೆಯೋದು ಆಮೇಲೆ ಬಿಡುವಾಗಿ ಕೆಲಸ ಮಾಡುವ ವರ್ಕ್‌ಕ್ಯೂ. ಫೈಲ್ ತೆರೆಯೋದೂ ಅದರಲ್ಲೇ ಇರಲಿ. ಮೊದಲು ಐಆಕ್ಟಲ್‌ನಲ್ಲಿ (ಪ್ರೋಗ್ರಾಮ್ ಡ್ರೈವರ್‌ಗೆ ಆದೇಶ ಕೊಡುವ ಕರೆ) ತೆರೆದಿದ್ದೆ, ಕಂಟೇನರ್‌ನಿಂದ (ತನ್ನದೇ ಫೈಲ್‌ಗಳಿರುವ ಬೇರ್ಪಟ್ಟ ಜಾಗ) ಕರೆದಾಗ ಫೈಲ್ ಆ ಕಂಟೇನರ್ ಒಳಗೇ ಹುಟ್ಟಿತು. ಅರ್ಧ ದಿನ ಹೊರಗೆಲ್ಲ ಹುಡುಕಿದೆ.

ನಿಜವಾದ ಖರ್ಚು ಎಸ್‌ಡಿ ಕಾರ್ಡಿನದು. ಪ್ರತಿ ಪಲ್ಸ್‌ಗೂ ವಿಎಫ್‌ಎಸ್_ಎಫ್‌ಸಿಂಕ್ (ಮೆಮೊರಿಯಲ್ಲಿರುವುದನ್ನು ಕಾರ್ಡ್‌ಗೆ ಇಳಿಸುವ ಫಂಕ್ಷನ್) ಕರೆದರೆ ಕಾರ್ಡ್ ಬೇಗ ಸವೆಯುತ್ತದೆ. ನಾನೂರು ಐನೂರರ ಕಾರ್ಡ್‌ಗಳು ಒಂದೊಂದಾಗಿ ಹೋದವು. ಕರೆಯದಿದ್ದರೆ ಕರೆಂಟ್ ಹೋದಾಗ ಫೈಲಿನ ಬಾಲ ಕತ್ತರಿಸುತ್ತದೆ. ಈಗ ಸುಮಾರು ಅರವತ್ತು ದಾಖಲೆಗೊಮ್ಮೆ ಕರೆಯುತ್ತೇನೆ. ಕರೆಂಟ್ ಹೋಗೋದನ್ನು ಮೊದಲೇ ಹಿಡಿಯಲು ಒಂದು ಪಿನ್, ಒಂದು ದಪ್ಪ ಕೆಪಾಸಿಟರ್ ಇದೆ. ಅದರ ಸರ್ಕ್ಯೂಟ್ ಕೇಳಬೇಡಿ, ಹೊಟ್ಟೆಪಾಡು.

ಮಧ್ಯೆ, ಮೆಮೊರಿಯ ಮೀಸಲು ಭಾಗದಲ್ಲಿ ದಾಖಲೆ ಇಡುವ ರ‍್ಯಾಮ್‌ಊಪ್ಸ್ ಕೂಡ ಆಡಿಸಿದೆ. ರೀಬೂಟ್ ಆದರೆ ದಾಖಲೆ ಉಳಿಯಿತು. ಪ್ಲಗ್ ಕಿತ್ತರೆ ಎಲ್ಲ ಮಾಯ. ನಮ್ಮ ಕಡೆ ಆಗೋದೇ ಎರಡನೆಯದು, ಅಲ್ವಾ? ಶೆಲ್ ಸ್ಕ್ರಿಪ್ಟ್ ಕರೆದು ಬರೆಸುವ ಯೂಸರ್‌ಮೋಡ್ ಹೆಲ್ಪರ್ ದಾರಿಯನ್ನೂ ನೋಡಿದೆ. ಒಂದು ಸಾಲಿಗೊಂದು ಪ್ರೊಸೆಸ್ ಹುಟ್ಟಿಸೋದು ಈ ಬೋರ್ಡಿಗೆ ಭಾರ.

ಮಾಡ್ಯೂಲ್ ತೆಗೆಯುವಾಗ ಮೊದಲು ಐಆರ್‌ಕ್ಯೂ (ಇಂಟರಪ್ಟ್ ಲೈನ್) ಬಿಡಿ, ಆಮೇಲೆ ವರ್ಕ್ ಫ್ಲಶ್ (ಬಾಕಿ ಕೆಲಸ ಮುಗಿಸೋದು), ಕೊನೆಗೆ ಫೈಲ್ ಮುಚ್ಚಿ. ಫ್ಲಶ್ ಬದಲು ಕ್ಯಾನ್ಸಲ್ ಮಾಡಿದರೆ ಕ್ಯೂನಲ್ಲಿ ನಿಂತಿದ್ದ ದಾಖಲೆಗಳು ಹೋಗುತ್ತವೆ.

ತಡೆದ ದುಡ್ಡು ಬಂತು. ಈಗ ದಾವಣಗೆರೆಯ ಮೆಕ್ಕೆಜೋಳದ ವ್ಯಾಪಾರಿಯೊಬ್ಬರು ಇಂಥದ್ದೇ ಎರಡು ಡಬ್ಬಿ ಕೇಳಿದ್ದಾರೆ. ಅವರಿಗೆ ರೇಟು ಸ್ವಲ್ಪ ಜಾಸ್ತಿಯೇ ಹೇಳಿದ್ದೇನೆ.