ಸನ್ಮಾನದ ಫ್ಲೆಕ್ಸ್ ಮೇಲೆ ಸೈನಿಕರ ಹುದ್ದೆ ಬರೆಯುವಾಗ

ಮಂಡ್ಯ ಕಡೆಯ ಊರುಗಳಲ್ಲಿ ಸೇನೆಯಿಂದ ನಿವೃತ್ತರಾಗಿ ಬಂದವರಿಗೆ ತೆರೆದ ಜೀಪು, ಹಾರ, ಪಟಾಕಿ ಎಲ್ಲ ಜೋರಾಗಿಯೇ ಇರುತ್ತದೆ. ಎಡವಟ್ಟಾಗುವುದು ಫ್ಲೆಕ್ಸಿನಲ್ಲಿ. ಭುಜದ ಮೇಲೆ ಎರಡು ನಕ್ಷತ್ರ ಕಂಡರೆ ಸಾಕು, ‘ಲೆಫ್ಟಿನೆಂಟ್’ ಎಂದು ಟೈಪ್ ಮಾಡಿಸಿಬಿಡುತ್ತಾರೆ.

ನಕ್ಷತ್ರ ಎಣಿಸುವ ಮೊದಲು ಅದರ ಕೆಳಗೆ, ತೋಳಿನ ಕಡೆಗೆ, ಅಡ್ಡಪಟ್ಟಿ ಇದೆಯೇ ನೋಡಿ. ಎರಡು ನಕ್ಷತ್ರ ಇದ್ದು ಪಟ್ಟಿ ಇಲ್ಲದಿದ್ದರೆ ಲೆಫ್ಟಿನೆಂಟ್. ಕೆಂಪು-ಹಳದಿ ಪಟ್ಟಿ ಇದ್ದರೆ ಸುಬೇದಾರ್. ಖಾಕಿಯ ಮೇಲೆ ಕೆಂಪು-ನೀಲಿ ಪಟ್ಟಿ ಇದ್ದರೆ ನಮ್ಮ ಪಿಎಸ್‌ಐ. ಪಟ್ಟಿಯ ಜೊತೆ ಒಂದೇ ನಕ್ಷತ್ರವಿದ್ದರೆ ಸೇನೆಯಲ್ಲಿ ನಾಯಬ್ ಸುಬೇದಾರ್, ಪೊಲೀಸಿನಲ್ಲಿ ಎಎಸ್‌ಐ. ಪಟ್ಟಿಯ ಜೊತೆ ಸಿಂಹಲಾಂಛನವಿದ್ದರೆ ಸುಬೇದಾರ್ ಮೇಜರ್. ಪಟ್ಟಿಯಿಲ್ಲದೆ ಲಾಂಛನ ಮಾತ್ರ ಇದ್ದರೆ ಮೇಜರ್. ಕಾಂಬ್ಯಾಟ್ ಸಮವಸ್ತ್ರದಲ್ಲಿ ಈ ಬಣ್ಣಗಳು ಮಂಕು, ಆದ್ದರಿಂದ ಪರೇಡ್ ಸಮವಸ್ತ್ರದ ಫೋಟೊ ಕೇಳಿ ಪಡೆಯಿರಿ.

ಸುಬೇದಾರರನ್ನು ‘ಕಿರಿಯ ಅಧಿಕಾರಿ’ ಎಂದು ಬರೆಯಬೇಡಿ. ನಾಯಬ್ ಸುಬೇದಾರ್‌ನಿಂದ ಸುಬೇದಾರ್ ಮೇಜರ್‌ವರೆಗಿನವರನ್ನು ಕರೆಯುವ ಜೆಸಿಒ (ಜೂನಿಯರ್ ಕಮಿಷನ್ಡ್ ಆಫೀಸರ್) ಎಂಬುದರ ಅನುವಾದ ಹಾಗಾದರೂ, ಅವರು ಸಿಪಾಯಿಯಾಗಿ ಸೇರಿ ಇಪ್ಪತ್ತು ವರ್ಷಕ್ಕೂ ಹೆಚ್ಚು ದುಡಿದು ಮೇಲೆ ಬಂದವರು. ಡೆಹ್ರಾಡೂನ್ ಅಥವಾ ಚೆನ್ನೈನಲ್ಲಿ ಅಧಿಕಾರಿ ತರಬೇತಿ ಮುಗಿಸಿದ ಹೊಸ ಲೆಫ್ಟಿನೆಂಟ್ ಕೂಡ ಅವರನ್ನು ‘ಸಾಹೇಬ್’ ಎಂದೇ ಕರೆಯುತ್ತಾರೆ. ‘ಸುಬೇದಾರ್’ ಎಂದಷ್ಟೇ ಬರೆದರೆ ಚೆನ್ನ.

ಹೆಚ್ಚು ಜಗಳ ತರುವುದು ಗೌರವ ಹುದ್ದೆ. ಆಯ್ದ ಜೆಸಿಒಗಳಿಗೆ ಜನವರಿ 26 ಮತ್ತು ಆಗಸ್ಟ್ 15ರಂದು ಗೌರವ ಲೆಫ್ಟಿನೆಂಟ್, ಗೌರವ ಕ್ಯಾಪ್ಟನ್ ಹುದ್ದೆ ಘೋಷಣೆಯಾಗುತ್ತದೆ. ಆಗ ‘ಗೌರವ’ ಎಂಬ ಪದ ಬಿಡುವಂತಿಲ್ಲ. ನಿವೃತ್ತಿಯ ನಂತರ ಘೋಷಣೆಯಾದದ್ದಾದರೆ ಡಿಸ್ಚಾರ್ಜ್ ಬುಕ್ಕಿನಲ್ಲಿ (ಸೇವೆಯಿಂದ ಬಿಡುಗಡೆಯಾಗುವಾಗ ಕೊಡುವ ದಾಖಲೆ) ಹಳೆಯ ಹುದ್ದೆಯೇ ಇರುತ್ತದೆ; ಅದನ್ನೊಂದೇ ನಂಬದೆ ಮನೆಯವರನ್ನು ಕೇಳಿ.

ನೌಕಾಪಡೆಯ ಅಡ್ಮಿರಲ್‌ಗಳನ್ನು ಬಿಟ್ಟರೆ, ವಾಯುಪಡೆ, ನೌಕಾಪಡೆಯ ಅಧಿಕಾರಿಗಳಿಗೆ ನಕ್ಷತ್ರವಿಲ್ಲ, ಪಟ್ಟೆಗಳು. ಫ್ಲೈಯಿಂಗ್ ಆಫೀಸರ್, ಸಬ್ ಲೆಫ್ಟಿನೆಂಟ್ ಇಬ್ಬರೂ ಸೇನೆಯ ಲೆಫ್ಟಿನೆಂಟ್‌ಗೆ ಸಮ. ನೌಕಾಪಡೆಯ ಕ್ಯಾಪ್ಟನ್ ಮಾತ್ರ ಸೇನೆಯ ಕ್ಯಾಪ್ಟನ್‌ಗಲ್ಲ, ಕರ್ನಲ್‌ಗೆ ಸಮ, ಆದ್ದರಿಂದ ‘ಭಾರತೀಯ ನೌಕಾಪಡೆ’ ಎಂದು ಕೆಳಗೆ ಹಾಕಿಸಿ.

‘ನಿವೃತ್ತ’ ಬರುವುದು ಹೆಸರಿನ ನಂತರ, ಆವರಣದಲ್ಲಿ. ನಿವೃತ್ತರಾಗುವುದು ವ್ಯಕ್ತಿ, ಹುದ್ದೆಯಲ್ಲ. ‘ಮಾಜಿ ಸುಬೇದಾರ್’ ಬೇಡವೇ ಬೇಡ. ಪ್ರಿಂಟಿಗೆ ಹೋಗುವ ಮೊದಲು ಪ್ರೂಫನ್ನು ವಾಟ್ಸಾಪಿನಲ್ಲಿ ಅವರಿಗೇ ಕಳಿಸಿ ಒಪ್ಪಿಗೆ ಪಡೆಯಿರಿ.