ಹೊಡೆದಾಟದ ಹುಡುಗ್ರು, ಒಂದು ಟೆನ್ನಿಸ್ ಬಾಲು, ನನ್ನ ಮೂರು ವರ್ಷ

"ಇದೆಲ್ಲ ಆಗೋ ಮಾತಲ್ಲ ಬಿಡಿ ಸರ್, ಆ ಹುಡುಗ್ರಿಗೆ ಲಾಠಿನೇ ಮದ್ದು" ಅಂತ ಮೂರು ವರ್ಷ ನಕ್ಕೋರು ಹೋದ ತಿಂಗಳು ಫೋನ್ ಮಾಡಿ, ನಿಮ್ ಸೆಷನ್ ಶೀಟ್ ಸ್ವಲ್ಪ ಕಳಿಸ್ತೀರಾ ಅಂದ್ರು. ಹೊಡೆದಾಟಕ್ಕೆ ಇಳಿಯೋ ಹುಡುಗ್ರನ್ನ ಅದರಿಂದ ಬಿಡಿಸೋಕೆ ಮೂರು ವರ್ಷ ಏನೇನು ಮಾಡಿದೆ ಅಂತ ಅದಕ್ಕೇ ಬರೀತಿದ್ದೀನಿ. ಸಿಬಿಟಿ (ಯೋಚಿಸೋ ರೀತಿ ಬದಲಾಯಿಸಿ ನಡತೆ ತಿದ್ದೋ ಚಿಕಿತ್ಸೆ), ರಿಸ್ಕ್ ಫ್ಯಾಕ್ಟರ್ (ದಾರಿ ತಪ್ಪೋ ಸಾಧ್ಯತೆ ಹೆಚ್ಚಿಸೋ ಕಾರಣ) ಅಂತೆಲ್ಲ ಉದ್ದಕ್ಕೆ ವಿವರಿಸಲ್ಲ, ಈ ಕೆಲ್ಸದಲ್ಲಿರೋರಿಗೆ ಅದು ಗೊತ್ತಿರೋದೇ.

ಮೊದಲ್ನೇ ವರ್ಷ ಮಾಡಿದ್ದು ಜೈಲು ಟೂರು. ಹದಿನೈದು ಹದಿನಾರು ವಯಸ್ಸಿನ ಇಪ್ಪತ್ತು ಜನಾನ ಬಸ್ಸಿಗೆ ಹತ್ತಿಸ್ಕೊಂಡು ಹೋದೆ, ಒಳಗಿರೋರು ಕೂಗಾಡಿ ಹೆದರಿಸ್ಲಿ, ಇವ್ರಿಗೆ ಬುದ್ಧಿ ಬರ್ಲಿ ಅಂತ. ಬೆವರಿದ್ರು ನಿಜ, ಒಂದರ್ಧ ಗಂಟೆ. ವಾಪಸ್ ಬರ್ತಾ ಒಬ್ಬ ಹುಡುಗ, ಅಲ್ಲಿನ ಕೈದಿಯೊಬ್ಬ ಎದೆ ಉಬ್ಬಿಸಿ ನಡೆಯೋದನ್ನ ಬಸ್ಸಲ್ಲೇ ಆಕ್ಟ್ ಮಾಡಿ ತೋರಿಸ್ತಿದ್ದ, ಉಳಿದೋರು ಸೀಟಿ ಹೊಡೀತಿದ್ರು, ನಾನು ಮುಂದಿನ ಸೀಟಲ್ಲಿ ಕೂತ್ಕೊಂಡು 'ಮಕ್ಕಳ ಮೇಲೆ ಗಾಢ ಪರಿಣಾಮ ಬೀರಿತು' ಅಂತ ರಿಪೋರ್ಟ್ ಬರೀತಿದ್ದೆ! ಆಮೇಲೆ ಓದಿದ್ಮೇಲೆ ಗೊತ್ತಾಯ್ತು, 1970ರ ದಶಕದಲ್ಲಿ ನ್ಯೂಜೆರ್ಸಿಯ ರಾಹ್‌ವೇ ಜೈಲಲ್ಲಿ ಶುರುವಾಗಿದ್ದ 'ಸ್ಕೇರ್ಡ್ ಸ್ಟ್ರೇಟ್' ಇದೇ ಐಡಿಯಾ, ಅಂಥ ಒಂಬತ್ತು ಪ್ರಯೋಗಗಳನ್ನ ಒಟ್ಟಿಗೆ ಇಟ್ಟು ನೋಡಿದಾಗ ಜೈಲು ನೋಡದೇ ಇದ್ದೋರಿಗಿಂತ ನೋಡಿ ಬಂದೋರೇ ಜಾಸ್ತಿ ತಪ್ಪು ಮಾಡಿದ್ರಂತೆ. ಮೊದಲೇ ಓದಿದ್ರೆ ಬಸ್ ಬಾಡಿಗೆನಾದ್ರೂ ಉಳೀತಿತ್ತು. ಆ ವರ್ಷದ ದುಡ್ಡಲ್ಲಿ ಹತ್ತಿರ ಮುಕ್ಕಾಲು ಪಾಲು ಬಸ್ಸು, ಬ್ಯಾನರ್ರು, ಟೀ ಶರ್ಟಿಗೇ ಹೋಯ್ತು.

ಎರಡ್ನೇ ವರ್ಷ ಇನ್ನೂ ಬುದ್ಧಿವಂತ ಆದೆ. ಏರಿಯಾದಲ್ಲಿ ಇರೋರಲ್ಲೇ ಖತರ್ನಾಕ್ ಹನ್ನೆರಡು ಜನಾನ ಹೆಕ್ಕಿ ಒಂದೇ ಬ್ಯಾಚ್ ಮಾಡಿ ಹತ್ತು ದಿನ ಕ್ಯಾಂಪ್ ಹಾಕಿದೆ. ಫಲ ಏನಪ್ಪಾ ಅಂದ್ರೆ, ಅಲ್ಲೀವರೆಗೂ ಒಬ್ಬರ ಮುಖ ಒಬ್ಬರು ನೋಡದೇ ಇದ್ದೋರು ಕ್ಯಾಂಪ್ ಮುಗಿಯೋಷ್ಟರಲ್ಲಿ ಒಂದು ಗ್ಯಾಂಗ್ ಆಗಿದ್ರು. ಗ್ಯಾಂಗ್ ಕಟ್ಟಿಕೊಟ್ಟೋನು ನಾನೇ. ಇದಕ್ಕೂ ಹಳೇ ಸಾಕ್ಷಿ ಇದೆ: 1939ರಲ್ಲಿ ಅಮೆರಿಕದಲ್ಲಿ ಶುರುವಾದ ಕೇಂಬ್ರಿಜ್-ಸೋಮರ್‌ವಿಲ್ ಅಧ್ಯಯನ, ಐನೂರು ಚಿಲ್ಲರೆ ಹುಡುಗ್ರು, ಅರ್ಧ ಜನಕ್ಕೆ ಸಹಾಯ, ಅರ್ಧ ಜನಕ್ಕೆ ಇಲ್ಲ. ಜೋನ್ ಮೆಕಾರ್ಡ್ ಅನ್ನೋ ಸಂಶೋಧಕಿ ಮೂವತ್ತು ವರ್ಷ ಬಿಟ್ಟು ಹುಡುಕ್ಕೊಂಡು ಹೋಗಿ ನೋಡಿದ್ರೆ ಸಹಾಯ ಪಡೆದೋರ ಸ್ಥಿತಿನೇ ಕೆಟ್ಟಿತ್ತು, ಅದ್ರಲ್ಲೂ ಬೇಸಿಗೆ ಕ್ಯಾಂಪಿಗೆ ಒಂದಕ್ಕಿಂತ ಜಾಸ್ತಿ ಸಲ ಹೋದೋರದ್ದು. ಅವತ್ತಿಂದ ಕ್ಯಾಂಪ್ ಅನ್ನೋ ಪದ ಕೇಳಿದ್ರೇನೇ ನಂಗೆ ಆಗಲ್ಲ.

ಮೂರ್ನೇ ವರ್ಷ ಎಲ್ಲಾ ಬಿಟ್ಟು ಚಿಕ್ಕದಾಗಿ ಮಾಡಿದೆ. ವಾರಕ್ಕೆ ಒಂದು ಗಂಟೆ, ಹತ್ತತ್ತು ಜನರ ಗುಂಪು, ಜಗಳಗಂಟರು ಮೂರೋ ನಾಲ್ಕೋ, ಉಳಿದೋರು ಸಾಮಾನ್ಯ ಹುಡುಗ್ರು. ಶಿಕಾಗೋದ 'ಬಿಕಮಿಂಗ್ ಎ ಮ್ಯಾನ್' ಅನ್ನೋ ಹುಡುಗ್ರ ಪ್ರೋಗ್ರಾಂ ನೋಡಿ ಎತ್ತಿದ್ದು, ಮುಚ್ಚುಮರೆ ಇಲ್ಲ. ಅಲ್ಲಿ ಪ್ರೋಗ್ರಾಂ ನಡೀತಿದ್ದಷ್ಟು ಕಾಲ ಹಿಂಸೆ ಕೇಸಲ್ಲಿ ಅರೆಸ್ಟ್ ಆಗೋದು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿತ್ತು. ಅವರದ್ದೊಂದು ಆಟ ಇದೆ: ಇಬ್ಬಿಬ್ಬರ ಜೋಡಿ, ಒಬ್ಬನ ಮುಷ್ಟೀಲಿ ಬಾಲು, ಇನ್ನೊಬ್ಬ ಮೂವತ್ತು ಸೆಕೆಂಡಲ್ಲಿ ಅದನ್ನ ತಗೋಬೇಕು. ನಾನು ಮೊದಲ್ನೇ ದಿನಾನೇ ಆಡಿಸಿ ಕೆಟ್ಟೆ, ಪರಿಚಯ ಇಲ್ಲದ ಹುಡುಗ್ರು, ಒಬ್ಬನ ಹೆಬ್ಬೆರಳು ತಿರುಚಿ ಊದ್ಕೊಂಡು ಅವರಮ್ಮ ಬಂದು ಉಗಿದ್ರು. ನಾಲ್ಕನೇ ವಾರಕ್ಕೆ ತಳ್ಳಿದ್ಮೇಲೆ ಸರಿಹೋಯ್ತು. ಅವತ್ತು ಒಬ್ಬ ಬಾಲ್ ಕಿತ್ಕೊಳ್ಳೋಕೆ ಇನ್ನೊಬ್ಬನ ಬೆನ್ನ ಮೇಲೇ ಹತ್ತಿದ್ದ, ಟೈಮ್ ಮುಗೀತು, ಸಿಗ್ಲಿಲ್ಲ.

"ಲೋ, ಕೊಡು ಅಂತ ಒಂದ್ಸಲ ಕೇಳಿದ್ಯೇನೋ?" ಅಂದೆ.

"ಕೇಳಿದ್ರೆ ಕೊಡ್ತಾನಾ ಅಣ್ಣಾ, ಇವ್ನು?"

"ಕೊಡ್ತಿದ್ದೆ ಕಣೋ, ಬಾಲ್ ತಾನೇ" ಅಂದ ಬಾಲ್ ಹಿಡಿದಿದ್ದೋನು, ಕೈ ಉಜ್ಕೋತಾ.

ಎರಡು ನಿಮಿಷ ಯಾರೂ ಮಾತಾಡ್ಲಿಲ್ಲ. ಆಮೇಲೆ ಆ ವಾರ ಎಲ್ಲೆಲ್ಲಿ ಕೇಳದೇ ಹೊಡೆದಿದ್ರು ಅಂತ ಒಬ್ಬೊಬ್ರಾಗಿ ಅವರೇ ಹೇಳೋಕೆ ಶುರು ಮಾಡಿದ್ರು, ನನ್ನ ಭಾಷಣದ ಅಗತ್ಯಾನೇ ಬೀಳ್ಲಿಲ್ಲ.

ದುಡ್ಡಿನ ವಿಷಯಕ್ಕೆ ಬಂದ್ರೆ, ಈ ಸಲ ಖರ್ಚೆಲ್ಲ ಗುಂಪು ನಡೆಸೋ ಇಬ್ಬರ ಸಂಬಳಕ್ಕೇ. ದಾನಿಗಳಲ್ಲಿ ಒಬ್ಬರು "ಫೋಟೋ ಎಲ್ಲಿ, ಸ್ಟೇಜ್ ಎಲ್ಲಿ" ಅಂತ ಕೇಳಿ ಎರಡನೇ ಕಂತು ಕೊಡ್ಲೇ ಇಲ್ಲ, ಎರಡು ತಿಂಗಳು ನನ್ನ ಕೈಯಿಂದ ಹಾಕಿದೆ. ಜಾಸ್ತಿ ಬೈಸ್ಕೊಂಡಿದ್ದು ಚೀಟಿ ಎತ್ತಿದ್ದಕ್ಕೆ. ಐವತ್ತೆಂಟು ಹೆಸರು, ಸೀಟು ಇಪ್ಪತ್ತೊಂಬತ್ತು, ಅದಕ್ಕೆ ಲಾಟರಿ ಹಾಕಿದೆ. ಮಕ್ಕಳ ಭವಿಷ್ಯನ ಚೀಟಿ ಮೇಲೆ ಇಡ್ತೀಯಾ ಅಂದ್ರು. ಅಲ್ಲ ಸ್ವಾಮಿ, ಹೇಗಿದ್ರೂ ಅರ್ಧ ಜನಕ್ಕೆ ಸೀಟಿಲ್ಲ, ಶಿಫಾರಸ್ಸು ಇದ್ದೋನಿಗೆ ಕೊಟ್ಟು ಏನೂ ಕಲೀದೇ ಇರೋ ಬದ್ಲು ಹೋಲಿಸಿ ನೋಡೋಣ ಅಂದೆ. ಆರು ತಿಂಗಳಲ್ಲಿ ನಮ್ಮೋರ ಹೊಡೆದಾಟ ಹತ್ತೋ ಹನ್ನೊಂದೋ, ಸೀಟು ಸಿಗದೋರದ್ದು ಇಪ್ಪತ್ತರ ಮೇಲೆ. ಸಣ್ಣ ನಂಬರು, ಎಣಿಸಿದ್ದೂ ನಾನೇ, ಆದ್ರೂ ಮೊದಲ ಎರಡು ವರ್ಷ ಎಣಿಸೋಕೇ ಧೈರ್ಯ ಇರ್ಲಿಲ್ವಲ್ಲ.

ಮಧ್ಯೆ ಒಂದೆರಡು ಚಿಲ್ಲರೆ ಪ್ರಯೋಗನೂ ಮಾಡಿದೆ. ವಾಟ್ಸಾಪ್ ಗ್ರೂಪ್ ಮಾಡಿದ್ದು ಶುದ್ಧ ದಡ್ಡತನ, ಸ್ಟೇಟಸ್ ಜಗಳ ಗ್ರೂಪಿಗೇ ಬಂತು, ಒಂಬತ್ತನೇ ದಿನ ಮುಚ್ಚಿದೆ. ಫಿಲಡೆಲ್ಫಿಯಾದಲ್ಲಿ ಪಾಳು ಸೈಟ್ ಕ್ಲೀನ್ ಮಾಡಿ ಹುಲ್ಲು ಬೆಳೆಸಿದ್ಮೇಲೆ ಬಡವರ ಏರಿಯಾಗಳಲ್ಲಿ ಗುಂಡಿನ ಹಿಂಸೆ ಶೇ. 29 ಇಳೀತು ಅಂತ 2018ರಲ್ಲಿ ಬಂದಿತ್ತು, ಅದನ್ನ ಓದಿ ಹುಡುಗ್ರು ಸೇರೋ ಒಂದು ಕತ್ತಲೆ ಮೂಲೆ ಕ್ಲೀನ್ ಮಾಡಿಸಿ ಲೈಟ್ ಹಾಕಿಸಿದೆ. ಆ ಮೂಲೇಲಿ ಗಲಾಟೆ ನಿಂತಿದ್ದಂತೂ ನಿಜ, ಸ್ವಲ್ಪ ಭಾಗ ಪಕ್ಕದ ಓಣಿಗೆ ಹೋಗಿರ್ಬೇಕು ಅಂತ ನನ್ನ ಅನುಮಾನ. ರಜೇಲಿ ಕೆಲ್ಸ ಕೊಡಿಸೋದು ಮಾತ್ರ ಮತ್ತೆ ಮಾಡ್ತೀನಿ. ಶಿಕಾಗೋದಲ್ಲೇ ಎಂಟು ವಾರದ ಬೇಸಿಗೆ ಕೆಲ್ಸಕ್ಕೆ, ಮುಂದಿನ ಹದಿನಾರು ತಿಂಗಳಲ್ಲಿ ಹಿಂಸೆ ಅರೆಸ್ಟು ಶೇ. 43 ಕಮ್ಮಿ ಆಗಿತ್ತು. ನಾನು ಆರು ಜನಕ್ಕೆ ಕೊಡಿಸಿದೆ, ಇಬ್ರು ಎರಡ್ನೇ ವಾರಕ್ಕೇ ಬಿಟ್ರು, ಒಬ್ಬ ಇನ್ನೂ ಅದೇ ಗ್ಯಾರೇಜಲ್ಲಿದ್ದಾನೆ.

ಮಧ್ಯದಲ್ಲಿ ಬರೋದು ನಿಲ್ಲಿಸಿದೋನನ್ನ ವಾಪಸ್ ಕರ್ಕೊಂಡು ಬರೋಕೆ ನನ್ನದೊಂದು ಉಪಾಯ ಇದೆ, ಹತ್ತಕ್ಕೆ ಎಂಟು ಸಲ ಕೆಲ್ಸ ಮಾಡುತ್ತೆ. ಅದನ್ನ ಇಲ್ಲಿ ಬರೆಯಲ್ಲ, ಹುಡುಗ್ರೂ ಓದ್ತಾರೆ. ಶೀಟ್ ಬೇಕಾದೋರು ಕೇಳಿ, ಕೊಡ್ತೀನಿ. ಹೋದ ಸಲ ಸೀಟು ಸಿಗದೋರಿಗೇ ಈ ಸಲ ಮೊದಲ ಅವಕಾಶ, ಹೊಸ ಬ್ಯಾಚು ಸೋಮವಾರದಿಂದ. ಹೊಸ ಬಾಲೂ ತರ್ಬೇಕು, ಹಳೇದು ಛಾವಣಿ ಮೇಲಿದೆ.